ಮಕ್ಕಳಾಗದಿದ್ದರೆ ತಪಾಸಣೆ ಇಬ್ಬರಿಗೂ ಬೇಕು



ನಾಟಿ ಮಾಡಿದ ಕಬ್ಬು ಮೊಳೆಯದಿದ್ದರೆ ನಾವು ನೆಲವನ್ನಷ್ಟೇ ದೂರುವುದಿಲ್ಲ. ಬೀಜದ ತುಂಡು, ಕಣ್ಣು, ತೇವ ಎಲ್ಲವನ್ನೂ ನೋಡುತ್ತೇವೆ. ಮನೆಯಲ್ಲಿ ಮಕ್ಕಳಾಗದಿದ್ದರೆ ಮಾತ್ರ ಸೊಸೆಯೊಬ್ಬಳನ್ನೇ ದೂರುತ್ತೇವೆ. ದೋಷ ಇಬ್ಬರಲ್ಲಿ ಯಾರಲ್ಲಾದರೂ ಇರಬಹುದು, ಇಬ್ಬರಲ್ಲೂ ಇರಬಹುದು.

ಗಂಡಸರಲ್ಲಿ: ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಕಡಿಮೆಯಾಗುವುದು, ವೃಷಣದ ರಕ್ತನಾಳ ಉಬ್ಬುವುದು, ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು, ತಂಬಾಕು, ಸಾರಾಯಿ. ಕೆಲವು ಕೃಷಿ ವಿಷಗಳೂ ಕಾರಣ. ಡಿಬಿಸಿಪಿ ಎಂಬ ಬೇರುಗಂಟು ಹುಳುವಿನ ಔಷಧ ತಯಾರಿಸುತ್ತಿದ್ದ ಅಮೆರಿಕದ ಕಾರ್ಮಿಕರು ಸಂತಾನಶಕ್ತಿ ಕಳೆದುಕೊಂಡದ್ದು 1977ರಲ್ಲಿ ಬೆಳಕಿಗೆ ಬಂತು. ಸಿಂಪಡಿಸುವಾಗ ಕೈಗವಸು, ಮುಖವಸ್ತ್ರ ಮರೆಯಬೇಡಿ.

ಹೆಂಗಸರಲ್ಲಿ: ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಥೈರಾಯ್ಡ್ ದೋಷ, ಗರ್ಭಕೋಶದ ಗಡ್ಡೆ, ಸೋಂಕು ಅಥವಾ ಕ್ಷಯದಿಂದ ಗರ್ಭನಾಳ ಮುಚ್ಚುವುದು.

ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗಿರಿ. ಗಂಡನ ವೀರ್ಯ ಪರೀಕ್ಷೆ ಮೊದಲೇ ಆಗಲಿ. ಅದು ಸುಲಭ, ನೋವಿಲ್ಲ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ತಂಬಾಕು ಬಿಟ್ಟ ಫಲ ಕೂಡಲೇ ಕಾಣದು.

ಸೊಸೆಯನ್ನು ತವರಿಗೆ ಕಳುಹಿಸುವ, ಎರಡನೆಯ ಮದುವೆಯ ಮಾತು ಬೇಡ. ದೋಷ ಮಗನಲ್ಲಿದ್ದರೆ ಅದರಿಂದಲೂ ತೊಟ್ಟಿಲು ತೂಗದು.