ಜನರೇಟರಿನ ಹೊಗೆಪೈಪಿಗೆ ತಿಂಗಳಿಗೆ 17 ರೂಪಾಯಿ

ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ನಿಮ್ಮದೊಂದು ಮನೆ ಇದ್ದರೆ, ಈ ಭಾನುವಾರ ಕೆಳಗಿಳಿದು ಅದರ ಡಬ್ಬಿಯ ಬಾಗಿಲು ತೆಗೆಸಿ ನೋಡಿ. ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಸುಕ್ಕುಸುಕ್ಕಾದ ಒಂದು ಸ್ಟೀಲ್ ಕೊಳವೆ ಕಾಣುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬೆಲ್ಲೋ ಅನ್ನುತ್ತಾರೆ. ಮೊಳದುದ್ದವೂ ಇಲ್ಲದ ಆ ಕೊಳವೆಯ ಸುತ್ತ ಕರಿ ಮಸಿ ಹಿಡಿದಿದ್ದರೆ ನಿಮ್ಮ ಸಂಘದ ಮುಂದೆ ಒಂದು ಖರ್ಚು ಬಂದು ನಿಂತಿದೆ ಎಂದೇ ಲೆಕ್ಕ.

ನಮ್ಮದು ಬಸವೇಶ್ವರನಗರದಲ್ಲಿ 28 ಮನೆಗಳ ಕಟ್ಟಡ. ಹದಿನೈದು ವರ್ಷ ದಾಟಿದ 40 ಕೆವಿಎ ಜನರೇಟರು. ಕರೆಂಟು ಹೋದಾಗ ಲಿಫ್ಟು, ನೀರಿನ ಮೋಟರು, ಮೆಟ್ಟಿಲ ದೀಪ ನಡೆಸುವುದಷ್ಟೇ ಅದರ ಕೆಲಸ. ಸಂಘದ ಖಜಾಂಚಿ ಹೊಣೆ ನನ್ನದು. ಹೋದ ಮಳೆಗಾಲದಲ್ಲಿ ಸೆಕ್ಯುರಿಟಿಯವರು ಬಂದು, "ಸಾರ್, ಜನರೇಟರ್ ಆನ್ ಆದ್ರೆ ಸಾಕು, ಕಣ್ಣುರಿ ಶುರುವಾಗುತ್ತೆ" ಎಂದರು. ಬೆಲ್ಲೋ ಒಂದು ಬದಿಗೆ ಸೀಳಿತ್ತು.

ಮೂರು ಕಡೆ ವಿಚಾರಿಸಿದೆವು. ಮಾಗಡಿ ರಸ್ತೆಯ ಒಂದು ವರ್ಕ್‌ಶಾಪಿನವರು 1,500 ರೂಪಾಯಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಎಂದರು. ಇನ್ನೊಬ್ಬರು ಹೊಸ ಬೆಲ್ಲೋ ಕೂಡಿಸಲು 9,500 ಹೇಳಿದರು. ಕಾಮಾಕ್ಷಿಪಾಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ ದರ ಹೇಳುವ ಮೊದಲು ತಾರಸಿಗೆ ಹತ್ತಿ, ಪೈಪಿನ ತುದಿಯಿಂದ ಬುಡದವರೆಗೂ ನೋಡಿ, ಬೆಂಡಿನ ಮೇಲೆ ಸ್ಪ್ಯಾನರಿನಿಂದ ಮೆಲ್ಲಗೆ ಬಡಿದರು. ತುಕ್ಕಿನ ಹಪ್ಪಳಿಕೆ ಉದುರಿತು. ಬೆಲ್ಲೋ, ಬೆಂಡು, ಗ್ಯಾಸ್ಕೆಟ್, ಕ್ಲಾಂಪು, ಪೈಪಿನ ಸುತ್ತ ಶಾಖ ತಡೆಯುವ ಲ್ಯಾಗಿಂಗ್, ಮೇಲೆ ಮಳೆಟೋಪಿ ಎಲ್ಲ ಸೇರಿಸಿ ಅವರು ಕೊಟ್ಟ ಅಂದಾಜು ಜಿಎಸ್‌ಟಿ ಸಮೇತ 46,200 ರೂಪಾಯಿ.

ಮೇಲುನೋಟಕ್ಕೆ ಇದು ಸುಲಭದ ಆಯ್ಕೆ. 1,500ರಲ್ಲಿ ಮುಗಿಯುವುದಕ್ಕೆ 46,200 ಯಾಕೆ? ಅದಕ್ಕೆ ಉತ್ತರ ಬೇಕಾದರೆ ಬೆಲ್ಲೋ ಅಲ್ಲಿ ಯಾಕಿದೆ ಎಂದು ತಿಳಿಯಬೇಕು. ಇಂಜಿನ್ ರಬ್ಬರ್ ಪ್ಯಾಡಿನ ಮೇಲೆ ಕೂತು ನಡುಗುತ್ತದೆ, ತಾರಸಿಗೆ ಹೋಗುವ ಪೈಪು ಗೋಡೆಗೆ ಬಿಗಿದಿರುತ್ತದೆ. ಆ ನಡುಕವನ್ನು ನಡುವೆ ನಿಂತು ನುಂಗಿಕೊಳ್ಳುವುದು ಬೆಲ್ಲೋ. ಶಾಖದ ಹಿಗ್ಗನ್ನೂ ಅದೇ ತಾಳಬೇಕು. ಲೋಡು ಹೆಚ್ಚಿದಾಗ ಹೊಗೆಯ ಶಾಖ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹತ್ತು ಮೀಟರ್ ಉಕ್ಕಿನ ಪೈಪು 300 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 36 ಮಿಲಿಮೀಟರ್ ಉದ್ದವಾಗುತ್ತದೆ. ಕ್ಲಾಂಪು ಸಡಿಲವಾಗಿ ಪೈಪಿನ ಭಾರವೆಲ್ಲ ಬೆಲ್ಲೋ ಮೇಲೆ ಬಿದ್ದರೆ ಅದು ಸೀಳದೆ ಇರದು. ಹೊಸ ಬೆಲ್ಲೋ ಹಾಕಿ ಹಳೆ ಕ್ಲಾಂಪನ್ನೇ ಬಿಟ್ಟರೆ ಅದೂ ಸೀಳುತ್ತದೆ. ಇನ್ನು ಸೀಳಿನ ಮೇಲಿನ ವೆಲ್ಡಿಂಗು! ಮಡಿಕೆಗಳನ್ನು ಬೆಸೆದು ಗಟ್ಟಿ ಮಾಡಿದ ಮೇಲೆ ಬೆಲ್ಲೋಗೆ ಬಳುಕುವ ಗುಣವೇ ಉಳಿಯುವುದಿಲ್ಲ, ಪಕ್ಕದ ಮಡಿಕೆ ಹರಿಯುತ್ತದೆ. ಆ 1,500 ನನ್ನ ದೃಷ್ಟಿಯಲ್ಲಿ ನೀರಿಗೆ ಹಾಕಿದ ಹಣ.

ಪೈಪು ಒಳಗಿನಿಂದ ಸವೆದದ್ದಕ್ಕೆ ಬೇರೆಯೇ ಕಾರಣವಿದೆ. ಡೀಸೆಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಈಗ ನಮ್ಮ ಕಡೆ ಕರೆಂಟು ಹೋದರೂ ಬಹುತೇಕ ಹತ್ತು ನಿಮಿಷಕ್ಕೆ ಬಂದುಬಿಡುತ್ತದೆ. ಅಷ್ಟರಲ್ಲಿ ಪೈಪು ಪೂರ್ತಿ ಬಿಸಿಯಾಗದು, ಆವಿ ಒಳಗೇ ನೀರಾಗಿ ಕೂರುತ್ತದೆ. 40 ಕೆವಿಎ ಯಂತ್ರಕ್ಕೆ ನಾಲ್ಕು ದೀಪ, ಒಂದು ಲಿಫ್ಟಿನ ಲೋಡು ಏನೇನೂ ಸಾಲದು, ಅರೆಬೆಂದ ಎಣ್ಣೆ ಮಸಿಯ ಜೊತೆ ಪೈಪಿಗೆ ಅಂಟುತ್ತದೆ. ಬೆಂಗಳೂರಿನಲ್ಲಿ 2010ಕ್ಕೆ ಮೊದಲು ಸಿಗುತ್ತಿದ್ದ ಬಿಎಸ್-3 ಡೀಸೆಲ್‌ನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 350 ಭಾಗ. 2020ರಿಂದ ಸಿಗುತ್ತಿರುವ ಬಿಎಸ್-6ರಲ್ಲಿ ಅದು ಬರೀ 10. ಹಳೆಯ ಜನರೇಟರುಗಳ ಪೈಪು ತನ್ನ ಎಳೆ ವಯಸ್ಸನ್ನೆಲ್ಲ ಆ ಗಂಧಕದ ಹೊಗೆ ಕುಡಿದೇ ಕಳೆದಿದೆ. ಗಂಧಕದ ಹೊಗೆಗೆ ನೀರು ಸೇರಿದರೆ ಆಮ್ಲ. ಜೊತೆಗೆ ಮಳೆಟೋಪಿ ಹಾರಿಹೋಗಿದ್ದರಿಂದ ಜೂನಿನಿಂದ ಅಕ್ಟೋಬರ್‌ವರೆಗೆ ಸುರಿದದ್ದೂ ಒಳಗೇ ಇಳಿದಿತ್ತು.

ಸಂಘದ ಸಭೆಯಲ್ಲಿ ಮೊದಲ ಮಹಡಿಯ ನಿವೃತ್ತ ಮೇಷ್ಟ್ರು, "ಹೊಗೆ ಹೇಗೂ ಹೊರಗೆ ಹೋಗೋದು ತಾನೇ, ಸ್ವಲ್ಪ ಸೋರಿದರೆ ಏನಾಯ್ತು ಸ್ವಾಮಿ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡಬ್ಬಿಯೊಳಗೆ ಸೋರಿದ ಹೊಗೆಯನ್ನು ಇಂಜಿನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಏರ್ ಫಿಲ್ಟರ್ ಕಟ್ಟುತ್ತದೆ, ರೇಡಿಯೇಟರಿಗೆ ಮಸಿ ಮೆತ್ತಿ ಇಂಜಿನ್ ಕಾಯುತ್ತದೆ. ಇಂಜಿನ್ ಕೈಕೊಟ್ಟರೆ ಹೊಸದನ್ನೇ ತರಬೇಕು. 2023ರ ಜುಲೈ 1ರಿಂದ ಹೊಸ ಜನರೇಟರುಗಳೆಲ್ಲ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಿಗಿಯಾದ ನಾಲ್ಕನೇ ಹಂತದ ಮಾನದಂಡಕ್ಕೆ ಒಗ್ಗಬೇಕಾಗಿ, ಬೆಲೆಯೂ ಏರಿದೆ. ನಮಗೆ ಬಂದ ಅಂದಾಜು ಏಳು ಲಕ್ಷ ದಾಟಿತ್ತು.

ಆದರೆ ಸಭೆಗೆ ನಾನು ಮೊದಲು ಹೇಳಿದ್ದು ಈ ಲೆಕ್ಕವನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾವೆಲ್ಲ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಜನರೇಟರಿನ ಪಕ್ಕ ಹನ್ನೆರಡು ಗಂಟೆ ಪಾಳಿ ಮಾಡುವವರು ಸೆಕ್ಯುರಿಟಿಯವರು. ಅವರಿಗೆ ನಾವು ಕೊಡುವ ಸಂಬಳದಲ್ಲಿ ಈ ಹೊಗೆಯ ಬೆಲೆ ಸೇರಿಲ್ಲ, ಸೇರಿಸುವ ಹಕ್ಕೂ ನಮಗಿಲ್ಲ. ಮೇಷ್ಟ್ರು ಮರುಮಾತಿಲ್ಲದೆ ಒಪ್ಪಿದರು.

ಮುಂದಿನ ಚರ್ಚೆ ಯಾರು ಕೊಡಬೇಕು ಎಂಬುದು. ಮನೆಯೊಂದಕ್ಕೆ 1,650 ರೂಪಾಯಿ. ಬಾಡಿಗೆಗೆ ಇರುವವರು ತಿಂಗಳ ಮೇಂಟೆನೆನ್ಸ್ ಕಟ್ಟುತ್ತಾರೆ, ಆದರೆ ಎಷ್ಟೋ ವರ್ಷ ಬಾಳುವ ಭಾಗ ಬದಲಾದರೆ ಅದು ಮಾಲೀಕರ ಆಸ್ತಿಗೆ ಸೇರಿದ್ದು. ಆಯಿಲ್, ಫಿಲ್ಟರ್, ಡೀಸೆಲ್ ಬಾಡಿಗೆದಾರರ ಪಾಲು. ಪೈಪು, ಬೆಲ್ಲೋ ಮಾಲೀಕರ ಪಾಲು. ಹೀಗೆಂದು ಬರೆದು ನಡಾವಳಿಯಲ್ಲಿ ಸೇರಿಸಿದೆವು. ರಾಜಾಜಿನಗರ, ವಿಜಯನಗರದ ಎಷ್ಟೋ ಸಣ್ಣ ಕಟ್ಟಡಗಳಲ್ಲಿ ಇದು ಬಾಯಿಮಾತಿನಲ್ಲೇ ಇದೆ. ಬಾಡಿಗೆ ಕರಾರು ಬರೆಯುವಾಗಲೇ ಒಂದು ಸಾಲು ಹಾಕಿಬಿಟ್ಟರೆ ಆಮೇಲೆ ಮನಸ್ತಾಪವಿಲ್ಲ.

46,200ರಲ್ಲಿ 7,047 ರೂಪಾಯಿ ಜಿಎಸ್‌ಟಿ. ಬಿಲ್ ಬೇಡ ಎಂದರೆ ಅಷ್ಟು ಕಡಿಮೆಯಾಗುತ್ತದಲ್ಲ ಎಂದವರೂ ಇದ್ದರು. ಜಿಎಸ್‌ಟಿ ನೋಂದಣಿ ಇಲ್ಲದ ನಮ್ಮಂಥ ಸಣ್ಣ ಸಂಘಕ್ಕೆ ಆ ತೆರಿಗೆ ಯಾವ ರೂಪದಲ್ಲೂ ವಾಪಸ್ ಬರುವುದಿಲ್ಲ, ನಿಜ. ಆದರೂ ಬಿಲ್ ಬೇಕೇ ಬೇಕು ಎಂದೆ. ಬಿಲ್ ಇಲ್ಲದಿದ್ದರೆ ಆಡಿಟ್‌ನಲ್ಲಿ ಹೇಳಲು ಮಾತಿಲ್ಲ, ಬೆಲ್ಲೋ ಆರು ತಿಂಗಳಿಗೆ ಸೀಳಿದರೆ ಹೋಗಿ ಕೇಳಲು ಮುಖವಿಲ್ಲ.

ಕೆಲಸ ಮಾಡಿಸಿದಾಗ ಪೈಪಿನ ಎತ್ತರವನ್ನೂ ಸರಿಮಾಡಿಸಿದೆವು. ಹೊಗೆಪೈಪು ಕಟ್ಟಡಕ್ಕಿಂತ ಎಷ್ಟು ಮೇಲಿರಬೇಕು ಎಂಬುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೇ ಇದೆ: ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್. ನಮ್ಮ 40 ಕೆವಿಎಗೆ ಅದು 1.26 ಮೀಟರ್. ಹಳೆಯ ಪೈಪು ಪ್ಯಾರಾಪೆಟ್‌ನ ಮಟ್ಟಕ್ಕೇ ನಿಂತಿತ್ತು, ತಾರಸಿಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಮಸಿ. ಬುಡದಲ್ಲಿ ನೀರು ಬಸಿಯಲು ಒಂದು ಪ್ಲಗ್ ಹಾಕಿಸಿದೆವು. ಈಗ ತಿಂಗಳಿಗೊಮ್ಮೆ ಮೋಟರು, ಲಿಫ್ಟು ಎರಡನ್ನೂ ಜನರೇಟರಿನ ಮೇಲೇ ಹಾಕಿ ಅರ್ಧ ಗಂಟೆ ಓಡಿಸುತ್ತೇವೆ. ಡೀಸೆಲ್ ಖರ್ಚಾಗುತ್ತದೆ, ಪೈಪು ಒಣಗುತ್ತದೆ.

ಹಣವನ್ನು ಹೊಂದಿಸಿದ್ದು, ದೊಡ್ಡ ಖರ್ಚಿಗೆಂದು ತಿಂಗಳು ತಿಂಗಳೂ ಕೂಡಿಡುವ ಸಿಂಕಿಂಗ್ ಫಂಡಿನಿಂದ. ಇದೇ ನಾನು ಈ ಅಂಕಣದಲ್ಲಿ ಒತ್ತಿ ಹೇಳಬೇಕೆಂದಿರುವುದು. ಹೊಸ ಹೊಗೆಪೈಪು ಎಂಟು ವರ್ಷ ಬಾಳುತ್ತದೆ ಎಂದು ಹಿಡಿದರೆ 46,200ನ್ನು 28 ಮನೆಗೆ, 96 ತಿಂಗಳಿಗೆ ಹಂಚಿದಾಗ ಬರುವುದು 17 ರೂಪಾಯಿ ಚಿಲ್ಲರೆ. ದರ್ಶಿನಿಯ ಒಂದು ಕಾಫಿಯ ದುಡ್ಡು. ಪ್ರತಿ ತಿಂಗಳೂ ಈ 17 ರೂಪಾಯಿ ಕೊಡಲು ಯಾರಿಗೂ ಕಷ್ಟವಿಲ್ಲ. ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಒಂದೇ ಸಲ 1,650 ಎಂದರೆ ಆ ತಿಂಗಳ ಔಷಧಿ ಲೆಕ್ಕ ಏರುಪೇರಾಗುತ್ತದೆ. ಮೇಂಟೆನೆನ್ಸ್ ಕಡಿಮೆ ಎಂದು ಹೆಮ್ಮೆಪಡುವ ಕಟ್ಟಡಗಳಲ್ಲಿ ಬಹಳ ಸಲ ಈ 17 ರೂಪಾಯಿಯೇ ಕಾಣೆಯಾಗಿರುತ್ತದೆ.

ಕೆಂಗೇರಿ ಕಡೆಗೋ ನಾಗರಬಾವಿ ಕಡೆಗೋ ಹಳೆಯ ಫ್ಲ್ಯಾಟ್ ಕೊಳ್ಳಲು ಹೊರಟವರು ಇಸಿ, ಖಾತಾ ಕೇಳುವಾಗಲೇ ಸಂಘದ ಸಿಂಕಿಂಗ್ ಫಂಡಿನ ಪಾಸ್‌ಬುಕ್ಕನ್ನೂ ಕೇಳಿ. ಜನರೇಟರನ್ನು ಒಮ್ಮೆ ಚಾಲೂ ಮಾಡಿಸಿ ಪಕ್ಕದಲ್ಲಿ ನಿಲ್ಲಿ. ಫಂಡು ಬರಿದಾಗಿದ್ದು ಮೂಗಿಗೆ ಹೊಗೆ ಬಡಿದರೆ, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ನಮ್ಮ ಫಂಡಿನಲ್ಲಿ ಈಗ ಎರಡು ಲಕ್ಷದ ಹತ್ತಿರ ಉಳಿದಿದೆ. ಲಿಫ್ಟಿನ ಉಕ್ಕಿನ ಹಗ್ಗ ಬದಲಿಸಲು ಅಂದಾಜು ಕೇಳಿದ್ದೇವೆ. ಹಗ್ಗದ ಜೊತೆ ಪುಲ್ಲಿಯನ್ನೂ ನೋಡಿ ದರ ಕೊಡಿ ಎಂದು ಬರೆದು ಕಳಿಸಿದ್ದೇನೆ.