ಒಂದು ಹೆಚ್ಚು, ಒಂಬತ್ತು ಕಡಿಮೆ: ಅಂಕಿಗಳ ಬಳಕೆಯ ಮುಖ್ಯಾಂಶಗಳು

ಕ್ರಮಸಂಖ್ಯೆಗಳಲ್ಲಿ

• ಬೆಳಗಾವಿ ಜಿಲ್ಲೆಯ 18 ವಿಧಾನಸಭಾ ಕ್ಷೇತ್ರಗಳಿಗೆ ರಾಜ್ಯದ ಪಟ್ಟಿಯಲ್ಲಿ 1ರಿಂದ 18ರವರೆಗಿನ ಸಂಖ್ಯೆಗಳಿವೆ. ಕಿತ್ತೂರು 15, ಬೈಲಹೊಂಗಲ 16, ಸವದತ್ತಿ ಯಲ್ಲಮ್ಮ 17, ರಾಮದುರ್ಗ 18.

• ಈ 18ರಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳು 10. ಉಳಿದ ಎಂಟು ಅಂಕಿಗಳಿಗೆ ಸಿಕ್ಕಿದ್ದು ತಲಾ ಒಂದೇ.

• ರಾಜ್ಯದ 224 ಕ್ಷೇತ್ರಗಳನ್ನೂ ತೆಗೆದುಕೊಂಡರೆ 1ರಿಂದ ಶುರುವಾಗುವವು 111, 2ರಿಂದ 36. ಮೂರರಿಂದ ಒಂಬತ್ತರವರೆಗಿನ ಅಂಕಿಗಳಿಗೆ ತಲಾ 11.

• ಕಾರಣ: ಎಣಿಕೆ ಯಾವಾಗಲೂ 1ರಿಂದ ಹೊರಡುತ್ತದೆ, ನಡುವೆ ಎಲ್ಲೋ ನಿಲ್ಲುತ್ತದೆ. ಸರಿಯಾಗಿ 9, 99 ಅಥವಾ 999ಕ್ಕೆ ನಿಂತಾಗ ಮಾತ್ರ ಎಲ್ಲ ಅಂಕಿಗಳಿಗೂ ಸಮಪಾಲು. ವಾರ್ಡ್ ನಂಬರ್, ಮನೆ ನಂಬರ್, ಹಾಜರಿ ಪಟ್ಟಿ ಎಲ್ಲಕ್ಕೂ ಇದೇ ಲೆಕ್ಕ. ಸೂತ್ರಕ್ಕಿಂತ ಮೊದಲು ಈ ಕಾರಣ ಮನಸ್ಸಿಗೆ ಹತ್ತಬೇಕು.

ಕ್ಯಾಲೆಂಡರ್, ಗಡಿಯಾರ

• 31 ದಿನಗಳ ತಿಂಗಳಿನ ತಾರೀಕುಗಳನ್ನು ಬರೆದರೆ ಒಟ್ಟು 53 ಅಂಕಿ. 1 ಬರುವುದು 14 ಸಲ, 2 ಬರುವುದು 13 ಸಲ, 3 ಬರುವುದು 5 ಸಲ. ಉಳಿದವು, ಸೊನ್ನೆಯೂ ಸೇರಿ, ತಲಾ 3 ಸಲ.

• ಡಿಜಿಟಲ್ ಗಡಿಯಾರದ ನಿಮಿಷಗಳು 00ರಿಂದ 59. ಹತ್ತರ ಸ್ಥಾನಕ್ಕೆ 6, 7, 8, 9 ಬರುವುದೇ ಇಲ್ಲ.

ಬೆನ್‌ಫರ್ಡ್ ನಿಯಮ

• 1881: ಖಗೋಳಶಾಸ್ತ್ರಜ್ಞ ಸೈಮನ್ ನ್ಯೂಕಾಂಬ್, ಸಂಖ್ಯೆಗಳು ಸಣ್ಣ ಅಂಕಿಗಳಿಂದಲೇ ಹೆಚ್ಚಾಗಿ ಶುರುವಾಗುವುದನ್ನು ಮೊದಲು ಗುರುತಿಸಿದರು. ಲಾಗರಿದಮ್ ಕೋಷ್ಟಕದ ಪುಸ್ತಕಗಳಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳಿರುವ ಮೊದಲ ಪುಟಗಳೇ ಹೆಚ್ಚು ಸವೆದಿದ್ದವು.

• 1938: ಜನರಲ್ ಎಲೆಕ್ಟ್ರಿಕ್ ಕಂಪನಿಯ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ 20,229 ಸಂಖ್ಯೆಗಳನ್ನು ಕಲೆಹಾಕಿ ಪರೀಕ್ಷಿಸಿದರು. ನಿಯಮಕ್ಕೆ ಅವರ ಹೆಸರೇ ನಿಂತಿತು.

• ಸೂತ್ರ: ಒಂದು ಅಂಕಿ ಸಂಖ್ಯೆಯ ಮೊದಲಿಗೆ ಬರುವ ಸಂಭವ = ಲಾಗ್ (1 + 1/ಅಂಕಿ), ಆಧಾರ 10.

• ಶೇಕಡಾವಾರು: 1 – 30.1, 2 – 17.6, 3 – 12.5, 4 – 9.7, 5 – 7.9, 6 – 6.7, 7 – 5.8, 8 – 5.1; 9 – 4.6. ಬಾಯಿಪಾಠ ಮಾಡುವುದಾದರೆ ಮೊದಲನೆಯದು ಮತ್ತು ಕೊನೆಯದು ಸಾಕು, ನಡುವಿನವು ಸೂತ್ರದಿಂದ ಬರುತ್ತವೆ.

ಹತ್ತಿ ದರದಲ್ಲಿ ಅದೇ ನಿಯಮ

ಹತ್ತಿ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆ 2013-14ರಲ್ಲಿ ಕ್ವಿಂಟಲ್‌ಗೆ 4,000 ರೂಪಾಯಿ. 2017-18ರಲ್ಲಿ 4,320, ಅಂದರೆ ಮೊದಲ ಅಂಕಿ 4 ಆಗಿಯೇ ಐದು ವರ್ಷ ನಿಂತಿತು. 2018-19ರಲ್ಲಿ 5,450ಕ್ಕೆ ಏರಿ, 5 ಮೂರು ವರ್ಷ ಉಳಿಯಿತು. 2021-22ರಲ್ಲಿ 6,025 ಆಯಿತು, 6 ಎರಡೇ ವರ್ಷ. 2023-24ರಲ್ಲಿ 7,020, ಅದೂ ಎರಡೇ ವರ್ಷ. 2025-26ಕ್ಕೆ 8,110.

ಪ್ರತಿ ಮೆಟ್ಟಿಲೂ ಒಂದೊಂದು ಸಾವಿರವೇ. ಆದರೆ 4,000ದಿಂದ 5,000ಕ್ಕೆ ಶೇ. 25ರಷ್ಟು ಏರಬೇಕು, 8,000ದಿಂದ 9,000ಕ್ಕೆ ಶೇ. 12.5 ಸಾಕು. ಸಾವಿರ ಎರಡು ಸಾವಿರವಾಗಲು ಬೆಲೆ ಇಮ್ಮಡಿಯಾಗಬೇಕು. 9,000 ಹತ್ತು ಸಾವಿರವಾಗಲು ಶೇ. 11.1 ಏರಿದರಾಯಿತು. ಶೇಕಡಾವಾರು ಬೆಳೆಯುವ ಯಾವ ಮೊತ್ತವಾದರೂ 1ರಲ್ಲಿ ಬಹುಕಾಲ ತಂಗುತ್ತದೆ, 9ರಲ್ಲಿ ಬೇಗ ದಾಟಿಹೋಗುತ್ತದೆ. ಜನಸಂಖ್ಯೆ, ಬ್ಯಾಂಕ್ ಠೇವಣಿ, ಸಾಲದ ಬಾಕಿ, ಎಲ್ಲವೂ ಹೀಗೆಯೇ.

ನಿಯಮ ಎಲ್ಲಿ ಅನ್ವಯಿಸದು? (ಹೆಚ್ಚು ಗಮನ ಕೊಡಿ)

• ಪಿನ್ ಕೋಡ್: ಬೈಲಹೊಂಗಲ 591102, ಕಿತ್ತೂರು 591115, ರಾಮದುರ್ಗ 591123, ಸವದತ್ತಿ 591126. ನಾಲ್ಕೂ 5ರಿಂದ ಶುರು, 4, 7, 8 ಒಂದರಲ್ಲೂ ಇಲ್ಲ. ಪಿನ್ ಅಳತೆಯಲ್ಲ, ಗುರುತು. ಮೊದಲ ಅಂಕಿ ಅಂಚೆ ವಲಯವನ್ನು ಹೇಳುತ್ತದೆ. ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು.

• ಮೊಬೈಲ್ ನಂಬರ್: ನಮ್ಮ ದೇಶದಲ್ಲಿ 6, 7, 8, 9ರಿಂದ ಮಾತ್ರ ಶುರು. ಬೇರೆಡೆ ಹಿಂದುಳಿದ ಅಂಕಿಗಳೇ ಇಲ್ಲಿ ಮುಂದೆ.

• ಇಸವಿಗಳು: ಕಿತ್ತೂರಿನ ಕದನ 1824, ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ನಿಧನ 1829, ಸಂಗೊಳ್ಳಿ ರಾಯಣ್ಣನಿಗೆ ಗಲ್ಲು 1831, ರಾಮದುರ್ಗ ದುರಂತ 1939. ಎಲ್ಲವೂ 1ರಿಂದ ಶುರುವಾಗುತ್ತವೆ. ಇದು ಬೆನ್‌ಫರ್ಡ್ ನಿಯಮವಲ್ಲ, ಒಂದೇ ಸಹಸ್ರಮಾನದ ಇಸವಿಗಳಾಗಿರುವ ಫಲ.

• ಸವದತ್ತಿಯ ನವಿಲುತೀರ್ಥ ಅಣೆಕಟ್ಟು: ಗರಿಷ್ಠ ಮಟ್ಟ 2,079.50 ಅಡಿ. ದಿನದ ನೀರಿನ ಮಟ್ಟ ಯಾವಾಗಲೂ 20ರಿಂದಲೇ ಶುರು, ಏಕೆಂದರೆ ವ್ಯಾಪ್ತಿ ಕಿರಿದು. ಸಂಗ್ರಹದ ಲೆಕ್ಕ ಬೇರೆ: ಗರಿಷ್ಠ 37.73 ಟಿಎಂಸಿ. ಹತ್ತು ಟಿಎಂಸಿ ದಾಟಿದ ಮೇಲೆ ಮೊದಲ ಅಂಕಿ 1, 2 ಅಥವಾ 3; ಉಳಿದ ಅಂಕಿಗಳು ಕಾಣುವುದು ನೀರು ಹತ್ತು ಟಿಎಂಸಿಗಿಂತ ಕಡಿಮೆಯಾದಾಗ ಮಾತ್ರ.

ಸಂತೆಯಲ್ಲಿ

• ಚಲಾವಣೆಯ ನಾಣ್ಯ, ನೋಟು: 1, 2, 5, 10, 20, 50, 100, 200, 500. ಮೊದಲ ಅಂಕಿ ಮೂರೇ: 1, 2, 5. ಕಡಿಮೆ ನೋಟಿನಲ್ಲಿ ಯಾವ ಮೊತ್ತವನ್ನೂ ಕೊಡಲು ಅನುಕೂಲವಾಗಲೆಂದು ಈ ಸರಣಿ.

ಲೆಕ್ಕ ಪರಿಶೋಧನೆ

• 1990ರ ದಶಕದಿಂದ ಲೆಕ್ಕಶಾಸ್ತ್ರ ಸಂಶೋಧಕ ಮಾರ್ಕ್ ನಿಗ್ರಿನಿ ಬೆನ್‌ಫರ್ಡ್ ನಿಯಮವನ್ನು ಲೆಕ್ಕಪತ್ರಗಳ ತಪಾಸಣೆಗೆ ಬಳಸಿದರು. ಮನಸ್ಸಿಗೆ ತೋಚಿದಂತೆ ಬಿಲ್ ಬರೆಯುವವರು ಎಲ್ಲ ಅಂಕಿಗಳನ್ನೂ ಹೆಚ್ಚುಕಡಿಮೆ ಸಮವಾಗಿ ಹಂಚುತ್ತಾರೆ, ಅಲ್ಲಿ ಸಿಕ್ಕಿಬೀಳುತ್ತಾರೆ. ಅಂಕಿಗಳು ನಿಯಮಕ್ಕೆ ಹೊಂದದಿದ್ದರೆ ಮರುಪರಿಶೀಲನೆ ಬೇಕು, ವಂಚನೆ ಸಾಬೀತಾಯಿತೆಂದಲ್ಲ.

ಕೊನೆಯ ಅಂಕಿ

• ಹುಟ್ಟಿದ ದಿನ ಬರೆದಿಡದ ಹಿರಿಯರು ಜನಗಣತಿಯಲ್ಲಿ 50, 55, 60 ಎಂದು ವಯಸ್ಸು ಹೇಳುತ್ತಾರೆ; 51, 57, 59 ಎನ್ನುವವರು ವಿರಳ. ಇದನ್ನು ಅಳೆಯುವುದು ವಿಪಲ್ ಸೂಚ್ಯಂಕ. 23ರಿಂದ 62 ವಯಸ್ಸಿನವರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. 100 ಬಂದರೆ 0, 5ರ ಕಡೆ ಒಲವಿಲ್ಲ. 500 ಬಂದರೆ ಎಲ್ಲರೂ ಹೇಳಿದ ವಯಸ್ಸು 0 ಅಥವಾ 5ರಲ್ಲೇ ಮುಗಿದಿದೆ.