ಬೀಗ ಬೀಳುವ ಮೊದಲೇ: ಹಗರಿ ದಂಡೆಯಿಂದ ಒಂಬತ್ತು ಸೂತ್ರ

"ಮತ್ತೊಂದು ರೋಗ ಬರ್ತದಂತಲ್ಲಣ್ಣ, ಮತ್ತೆ ಬಂದ್ ಮಾಡ್ತಾರೇನು?" ಟಿವಿಯಲ್ಲಿ ಹೊಸ ವೈರಸ್ಸಿನ ಹೆಸರು ಬಂದಾಗಲೆಲ್ಲ ಹಗರಿ ಹೊಳೆಯ ದಂಡೆಯ ನಮ್ಮೂರು ರಾರಾವಿಯ ಚಹಾದಂಗಡಿಯಲ್ಲಿ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿತೆಂದಾಗಲೂ ಕೇಳಿದ್ದರು. ಅದು ದಶಕಗಳಿಂದ ಇರುವ ವೈರಸ್ಸು, ಗಾಬರಿ ಬೇಡ ಎಂದು ವೈದ್ಯರು ಹೇಳಿದರು. ಮಾತು ನಿಂತಿತು, ಹೆದರಿಕೆ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಮಾತಾಡಿದರು, ಹನ್ನೆರಡಕ್ಕೆ ದೇಶಕ್ಕೆ ಬೀಗ ಬಿತ್ತು. ನಮ್ಮ ಕೈಗೆ ಸಿಕ್ಕಿದ್ದು ನಾಲ್ಕು ತಾಸು. 21 ದಿನ ಅಂದದ್ದು ಮೇ 31ರವರೆಗೆ ಎಳೆಯಿತು. ಮರುವರ್ಷ ಏಪ್ರಿಲ್ 27ರಿಂದ ರಾಜ್ಯದ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿ, ಜೂನ್ ಮಧ್ಯದವರೆಗೆ.

ಮುಂದಿನ ಸಲವೂ ನಾಲ್ಕೇ ತಾಸು ಎಂದಿಟ್ಟುಕೊಳ್ಳಿ. ಆ ನಾಲ್ಕು ತಾಸಿನಲ್ಲಿ ಮಾಡಲಾಗದ ಕೆಲಸ ಏನೇನಿವೆಯೋ ಅವನ್ನೆಲ್ಲ ಈಗಲೇ ಮಾಡಿಟ್ಟುಕೊಳ್ಳಬೇಕು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮುಂದಿನ ಮಹಾಮಾರಿಗೆಂದು ಒಪ್ಪಂದವೊಂದನ್ನೇ ಅಂಗೀಕರಿಸಿವೆ. ದೇಶದೇಶಗಳೇ ಕೂತು ಲೆಕ್ಕ ಹಾಕುತ್ತಿರುವಾಗ, ಒಂದು ಓಣಿ ತನ್ನ ಲೆಕ್ಕ ತಾನು ಹಾಕಿಕೊಳ್ಳಬಾರದೆ?

1. ಗುಳೆ ಹೋದವರ ಪುಸ್ತಕ ಇಡಿ

ಇದನ್ನು ಮೊದಲು ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಭಾಗ ಅತಿ ಹೆಚ್ಚು ನೋವು ತಿಂದದ್ದು ಇಲ್ಲೇ. ಕಾಲುವೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ನಮ್ಮ ಸಿರುಗುಪ್ಪ ತಾಲ್ಲೂಕಿನ ಎಷ್ಟೋ ಮನೆಗಳು ಅರ್ಧ ಖಾಲಿಯಾಗುತ್ತವೆ. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುದುಕರು ಮಕ್ಕಳು ಊರಲ್ಲಿ. ಲಾಕ್‌ಡೌನ್ ಆದಾಗ ಬಸ್ಸಿಲ್ಲ, ರೈಲಿಲ್ಲ, ಕೂಲಿ ಇಲ್ಲ. ನಡೆದರು. ಹಾಗೆ ಬೆಂಗಳೂರಿನಿಂದ ರಾಯಚೂರು ಜಿಲ್ಲೆಯ ತನ್ನೂರಿನ ಕಡೆ ನಡೆದು ಹೊರಟ ಕಟ್ಟಡ ಕೂಲಿಯ ಹೆಣ್ಣುಮಗಳೊಬ್ಬಳು 2020ರ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಳು. ಸರ್ಕಾರ ಕಾರ್ಮಿಕರನ್ನು ಬಸ್ಸಿನಲ್ಲಿ ಉಚಿತವಾಗಿ ಊರಿಗೆ ಕಳಿಸಿದ್ದು ಮೇ ಮೊದಲ ವಾರದಲ್ಲಿ. ಅಷ್ಟರಲ್ಲಿ ಐದಾರು ವಾರ ಕಳೆದಿತ್ತು.

ನಮ್ಮ ಓಣಿಯಲ್ಲಿ ಈಗ ಒಂದು ನೂರು ಪುಟದ ನೋಟ್‌ಬುಕ್ ಇದೆ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ, ಉದ್ರಿ ಪುಸ್ತಕದ ಮೇಲೆಯೇ ಇರುತ್ತದೆ. ಹೋದವರ ಹೆಸರು, ಯಾವ ಊರು, ಯಾವ ಏರಿಯಾ, ಮೇಸ್ತ್ರಿಯ ನಂಬರು, ಜತೆಗೆ ಹೋದ ಇನ್ನೊಬ್ಬರ ನಂಬರು. ಬಸ್ಸು ಹತ್ತುವ ಮೊದಲು ಬರೆಸಿ ಹೋಗುವುದು ರೂಢಿಯಾಗಿದೆ. ನಿಮ್ಮ ಓಣಿಯಲ್ಲೂ ಮಾಡಿ. ಹೋಗುವವರು ಇನ್ನೊಂದು ಮಾಡಬೇಕು: ಊರಿಗೆ ವಾಪಸ್ ಬರುವ ಖರ್ಚನ್ನು ಬೇರೆ ಕಟ್ಟಿಟ್ಟು, ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಇದ್ದಲ್ಲೇ ಇರುವುದೋ, ಬರುವುದೋ ಎಂಬುದನ್ನು ಗಂಡ ಹೆಂಡತಿ ಈಗಲೇ ಮಾತಾಡಿಕೊಂಡಿರಬೇಕು. ಬರುವುದಾದರೆ ಮೊದಲ ದಿನವೇ ಬರಬೇಕು. ಹತ್ತನೇ ದಿನ ಕೂಸನ್ನು ಹೆಗಲ ಮೇಲೆ ಹೊತ್ತು ಹೊರಡುವಂತಾಗಬಾರದು.

2. ಕಾಗದಪತ್ರಕ್ಕೊಂದು ಕವರು

ರಾಜ್ಯ ಸರ್ಕಾರದ 2020ರ ಮೇ ತಿಂಗಳ ಪ್ಯಾಕೇಜಿನಲ್ಲಿ ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000 ರೂಪಾಯಿ ಬಂತು. 2021ರಲ್ಲಿ ಮತ್ತೆ 3,000. ಆದರೆ ಯಾರಿಗೆ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಇದ್ದವರಿಗೆ. ಹದಿನೈದು ವರ್ಷ ಇಟ್ಟಿಗೆ ಹೊತ್ತು ಕಾರ್ಡು ಮಾಡಿಸದವರಿಗೆ ಏನೂ ಬರಲಿಲ್ಲ. ಕಾರ್ಡು ಮಾಡಿಸಿ ನವೀಕರಿಸದವರು ಸೈಬರ್ ಸೆಂಟರಿನ ಮುಂದೆ ಬಿಸಿಲಲ್ಲಿ ನಿಂತರು. ಜನಧನ್ ಖಾತೆಯ ಹೆಣ್ಣುಮಕ್ಕಳಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂಪಾಯಿ ಬಿತ್ತು. ನಮ್ಮ ಪಕ್ಕದ ಮನೆಯ ಅಕ್ಕನ ಖಾತೆ ವರ್ಷಗಟ್ಟಲೆ ಬಳಸದೆ ನಿಂತುಹೋಗಿತ್ತು. ಬ್ಯಾಂಕಿಗೆ ಹೋಗೋಣವೆಂದರೆ ಬಸ್ಸಿಲ್ಲ.

ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಕಾರ್ಮಿಕರ ಕಾರ್ಡು, 2021ರ ಆಗಸ್ಟ್‌ನಿಂದ ಬಂದ ಇ–ಶ್ರಮ್ ಕಾರ್ಡು, ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಮನೆಯ ಎಲ್ಲರಿಗೂ ಜಾಗ ಗೊತ್ತಿರಲಿ. ರೇಷನ್ ಕಾರ್ಡಿಗೆ ಕೊಟ್ಟಿರುವ ಮೊಬೈಲ್ ನಂಬರು ಈಗ ಚಾಲ್ತಿಯಲ್ಲಿದೆಯೇ ನೋಡಿ. ಖಾತೆಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ನೂರು ರೂಪಾಯಿ ಹಾಕಿ ತೆಗೆಯಿರಿ. ಒಂದು ದೇಶ ಒಂದು ರೇಷನ್ ಕಾರ್ಡು ಇರುವುದರಿಂದ ಬೆಂಗಳೂರಿನಲ್ಲಿದ್ದರೂ ಅಲ್ಲೇ ಅಕ್ಕಿ ಪಡೆಯಬಹುದು. ಒಮ್ಮೆ ಪಡೆದು ನೋಡಿ, ದಾರಿ ಗೊತ್ತಾಗುತ್ತದೆ.

3. ಮಾತ್ರೆ ಒಂದು ತಿಂಗಳು ಮುಂದಿರಲಿ

ನಮ್ಮದು ಗಡಿ ಊರು. ಸಂತೆ, ಬಟ್ಟೆ, ಬೀಗತನ ಎಲ್ಲಕ್ಕೂ ಒಂದು ಕಾಲು ಸಿರುಗುಪ್ಪದಲ್ಲಿ, ಇನ್ನೊಂದು ಕಾಲು ಆಂಧ್ರದ ಆದೋನಿಯಲ್ಲಿ. ಮನೆಯಲ್ಲಿ ಕನ್ನಡ, ಬೀಗರೊಡನೆ ತೆಲುಗು. 2020ರ ಏಪ್ರಿಲ್‌ನಲ್ಲಿ ಆಗಿನ ಕರ್ನೂಲು ಜಿಲ್ಲೆ ಆಂಧ್ರದಲ್ಲೇ ಅತಿ ಹೆಚ್ಚು ಸೋಂಕಿನ ಜಿಲ್ಲೆಗಳಲ್ಲಿ ಒಂದಾಯಿತು. ರಸ್ತೆಗೆ ಬ್ಯಾರಿಕೇಡು ಬಿತ್ತು. ಅತ್ತಲಿನ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆ ಇದ್ದಳು. ಸಕ್ಕರೆ ಕಾಯಿಲೆ, ಬಿಪಿ ಎರಡೂ. "ಗುಳಿಗಿ ಮೂರು ದಿನಕ್ಕ ಅದಾವು ನೋಡಪಾ" ಎಂದು ಫೋನು ಮಾಡಿದಳು. ಹೆಸರು ಕೇಳಿದರೆ "ಬಿಳೀವು ದೊಡ್ಡವು, ಇನ್ನೊಂದು ಕೆಂಪು ಸಣ್ಣವು" ಅಂದಳು. ಚೀಟಿ ಎಲ್ಲಿದೆಯೋ ಗೊತ್ತಿಲ್ಲ. ಕೊನೆಗೆ ಮೊಮ್ಮಗ ಖಾಲಿ ಶೀಟಿನ ಫೋಟೋ ಕಳಿಸಿದ. ಮಾತ್ರೆ ತಂದು, ರಟ್ಟಿನ ಮೇಲೆ ಹೆಸರು, ಊರು ಬರೆದು, ಚೆಕ್‌ಪೋಸ್ಟಿನ ಬ್ಯಾರಿಕೇಡಿನ ಕೆಳಗಿಟ್ಟು ಹತ್ತು ಹೆಜ್ಜೆ ಹಿಂದೆ ಬಂದೆ. ಅತ್ತಲಿಂದ ಪೊಲೀಸಪ್ಪ ಎತ್ತಿಕೊಂಡ, ಕೈಬೀಸಿದ. ಅವನ ಹೆಸರು ಕೇಳಲಿಲ್ಲವಲ್ಲ ಎಂಬುದು ಇವತ್ತಿಗೂ ಮನಸ್ಸಿನಲ್ಲಿದೆ.

ಹಾಗಾಗಿ ಬಿಪಿ, ಸಕ್ಕರೆ, ಫಿಟ್ಸು, ಉಬ್ಬಸ ಇರುವವರ ಮನೆಯಲ್ಲಿ ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ. ಹಳೆಯದು ಮೊದಲು, ಹೊಸದು ಆಮೇಲೆ. ಮಾತ್ರೆ ಶೀಟಿನದ್ದೂ ಡಾಕ್ಟರ ಚೀಟಿಯದ್ದೂ ಫೋಟೋ ಇಬ್ಬರ ಫೋನಿನಲ್ಲಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆಯ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅಲ್ಲಿ ಹೆಸರು ಬರೆಸಿಟ್ಟರೆ ಕಷ್ಟಕಾಲಕ್ಕೆ ಆಶಾ ಕಾರ್ಯಕರ್ತೆ ಅಕ್ಕನೇ ಮನೆಗೆ ತರುತ್ತಾಳೆ.

4. ಅಕ್ಕಿಯಷ್ಟೇ ಸಾಲದು

ನಮ್ಮದು ಭತ್ತದ ನಾಡು. ಮೇಲಾಗಿ 2020ರ ಏಪ್ರಿಲ್‌ನಿಂದ 2022ರ ಕೊನೆಯವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ಕೇಂದ್ರದಿಂದ ತಲೆಗೆ 5 ಕೆಜಿ ಅಕ್ಕಿ ಹೆಚ್ಚಿಗೆ ಬಂತು. ತೀರಿದ್ದು ಬೇಳೆ, ಎಣ್ಣೆ, ಸೋಪು, ಹೆಣ್ಣುಮಕ್ಕಳ ಪ್ಯಾಡು. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ಜೋಳ ಹಾಕಿಡುತ್ತಿದ್ದರು. ಈಗ ಅಷ್ಟು ಬೇಡ. ತೊಗರಿಬೇಳೆ, ಶೇಂಗಾ, ಹುಣಸೆಹಣ್ಣು, ಖಾರದಪುಡಿ ಒಂದು ತಿಂಗಳಿಗಾಗುವಷ್ಟು ಡಬ್ಬಿಯಲ್ಲಿರಲಿ. ಶೇಂಗಾ ಹಿಂಡಿ ಇದ್ದರೆ ಕಾಯಿಪಲ್ಯ ಬರದ ವಾರವೂ ರೊಟ್ಟಿ ಗಂಟಲಲ್ಲಿ ಇಳಿಯುತ್ತದೆ.

5. ಬೆಳೆಗೆ ರಜೆ ಇಲ್ಲ, ಆದೇಶ ಓದಿಕೊಳ್ಳಿ

ಬೀಗ ಬಿದ್ದ ಮೂರನೇ ದಿನ, 2020ರ ಮಾರ್ಚ್ 27ಕ್ಕೆ, ಕೃಷಿ ಕೆಲಸಕ್ಕೂ ಕೊಯ್ಯುವ ಮಿಷಿನ್ನುಗಳ ಓಡಾಟಕ್ಕೂ ಕೇಂದ್ರ ವಿನಾಯಿತಿ ಕೊಟ್ಟಿತ್ತು. ಬೇಸಿಗೆ ಭತ್ತ ಕೊಯ್ಲಿಗೆ ಬಂದಿದ್ದ ಎಷ್ಟೋ ರೈತರಿಗೆ ಅದು ಗೊತ್ತೇ ಆಗಲಿಲ್ಲ. ದಾರಿಯಲ್ಲಿ ತಡೆದವರಿಗೆ ತೋರಿಸಲು ಕೈಯಲ್ಲಿ ಕಾಗದವಿರಲಿಲ್ಲ. ರೈತ ಸಂಪರ್ಕ ಕೇಂದ್ರದ ನಂಬರು ಇಟ್ಟುಕೊಳ್ಳಿ, ಆದೇಶದ ಪ್ರತಿ ಕೇಳಿ ಪಡೆಯಿರಿ. ಮೆಣಸಿನಕಾಯಿ ಬೆಳೆದವರಿಗೆ ಒಂದು ಮಾತು: ಪೂರ್ತಿ ಮಾಲನ್ನು ಒಂದೇ ಮಾರುಕಟ್ಟೆ, ಒಂದೇ ವಾರಕ್ಕೆ ನಂಬಬೇಡಿ. ಮೊದಲ ಬಿಡಿಸುವಿಕೆ ಒಣಗಿದ ಕೂಡಲೇ ಒಂದಷ್ಟನ್ನು ಕಾಸು ಮಾಡಿಕೊಳ್ಳಿ.

6. ಮುಳ್ಳು ಹಚ್ಚಿದರೂ ದಾರಿ ಬಿಡಿ

ಆ ವರ್ಷ ಊರೂರಿನ ಬಾಯಿಗೆ ಜಾಲಿಮುಳ್ಳು ಬಿತ್ತು. ಡಂಗುರ ಸಾರಿದರು, ಹೊರಗಿನವರು ಬರಬಾರದೆಂದು ಬೋರ್ಡು ಬರೆದರು. ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ "ಹೊರಗಿನವರು" ಯಾರು? ನಮ್ಮದೇ ಊರಿನಿಂದ ಬೆಂಗಳೂರಿಗೆ ದುಡಿಯಲು ಹೋಗಿದ್ದವರು. ಮುಳ್ಳಿನ ಆಚೆ ನಿಂತು ತನ್ನ ಅವ್ವನ ಜತೆ ಕೂಗಿ ಮಾತಾಡುತ್ತಿದ್ದ ಹುಡುಗನನ್ನು ನಾನು ನೋಡಿದ್ದೇನೆ. ಅವನ ಚಪ್ಪಲಿಯ ಉಂಗುಷ್ಟ ಕಿತ್ತು, ಅದಕ್ಕೆ ಸುತ್ತಿದ್ದ ಸುತಳಿ ಕಪ್ಪಾಗಿತ್ತು. ಅವ್ವ ರೊಟ್ಟಿಯ ಗಂಟು ಎಸೆದಳು. ಅವನು ಹಿಡಿದ, ಹಿಡಿದು ಅಳತೊಡಗಿದ.

ನಮ್ಮ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿತ್ತು. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿತು. ರೋಗ ಬಂದಾಗ ಬೇರೆ ಇರುವುದೆಂದರೆ ಒಟ್ಟಿಗೆ ಬೇರೆ ಇರುವುದು. ಯಾರನ್ನೋ ಒಬ್ಬನನ್ನು ಹೊರಗೆ ಹಾಕುವುದಲ್ಲ. ಆದ್ದರಿಂದ ಈಗಲೇ ನಿರ್ಧಾರವಾಗಲಿ: ಬಂದವರು ಎಲ್ಲಿ ಉಳಿಯಬೇಕು, ಊಟ ಯಾವ ದಿನ ಯಾವ ಓಣಿಯಿಂದ, ಹಾಸಿಗೆ ಯಾರು ಕೊಡುವುದು. ಬಸುರಿಗೆ, ಹಾವು ಕಡಿದವರಿಗೆ, ಆಂಬ್ಯುಲೆನ್ಸಿಗೆ ರಾತ್ರಿ ಎರಡಕ್ಕೂ ಮುಳ್ಳು ಸರಿಸಿ ದಾರಿ ಬಿಡುವಂತೆ ಅದರ ಬದಿಗೆ ಇಬ್ಬರು ಹುಡುಗರ ಪಾಳಿ ಇರಲಿ.

7. ಉಸಿರಿನ ಲೆಕ್ಕ ಕಲಿಯಿರಿ

ಬೆರಳಿಗೆ ಹಾಕುವ ಆಕ್ಸಿಮೀಟರು ಓಣಿಗೊಂದು ಸಾಕು. ಅದರಲ್ಲಿ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗೆ ಬಂದರೆ ಮನೆಯಲ್ಲಿ ಕೂರಬಾರದು. ವಾಹನ ಬರುವವರೆಗೆ ಬೋರಲು ಮಲಗಿಸಿ. ಬಸುರಿಯನ್ನು ಮಾತ್ರ ಹಾಗೆ ಮಲಗಿಸಬಾರದು, ಎಡ ಮಗ್ಗುಲಾಗಲಿ. 108 ಆಂಬ್ಯುಲೆನ್ಸು, 104 ಆರೋಗ್ಯ ಸಲಹೆ, ಇವನ್ನು ಗೋಡೆಯ ಮೇಲೆ ಬರೆಯಿರಿ. ಮೊಬೈಲಿನಲ್ಲಷ್ಟೇ ಇದ್ದರೆ ಅದು ಸತ್ತ ದಿನ ನಂಬರೂ ಇಲ್ಲ. 2021ರ ಮೇನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು, ಕಾರ್ಖಾನೆಯ ಆಮ್ಲಜನಕ ಪೈಪಿನಲ್ಲೇ ಹಾಸಿಗೆಗೆ ಬರುವ ಹಾಗೆ. ಬಳ್ಳಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಒಂದೇ ಎಂದು ಎಲ್ಲರೂ ಅಲ್ಲಿಗೆ ಓಡುವ ಬದಲು ಹಾಸಿಗೆ ಎಲ್ಲಿದೆ ಎಂದು ಮೊದಲು ಫೋನು ಮಾಡಿ ಕೇಳಿ. ಸಿರುಗುಪ್ಪದಿಂದ ಬಳ್ಳಾರಿಗೇ ಐವತ್ತು ಕಿಲೋಮೀಟರ್ ಮೇಲೆ.

ಇದನ್ನೆಲ್ಲ ನಮಗೆ ಕಲಿಸಿದವರು ಆಶಾ ಅಕ್ಕಂದಿರು. ಮನೆಮನೆ ತಿರುಗಿ ಬೈಸಿಕೊಂಡವರೂ ಅವರೇ. ಅವರು 2020ರ ಜುಲೈನಲ್ಲಿ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಮನೆಗೆ ಬಂದವರಿಗೆ ಕೂರಲು ಚಾಪೆ ಹಾಕಿ, ಕುಡಿಯಲು ನೀರು ಕೊಡಿ, ಕೇಳಿದ್ದಕ್ಕೆ ನಿಜ ಹೇಳಿ.

8. ಶಾಲೆ ಮುಚ್ಚಿದರೆ ಕಟ್ಟೆ ತೆರೆಯಿರಿ

ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷದ ಮೇಲಾಯಿತು. ಒಂದನೇ ತರಗತಿಗೆ ಹೋಗಬೇಕಿದ್ದ ಕೂಸು ಅಕ್ಷರದ ಮುಖ ನೋಡದೆ ಎರಡಕ್ಕೆ ಬಂತು. ನಡುವೆ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು: ಗುಡಿಯ ಕಟ್ಟೆ, ಮರದ ನೆರಳಲ್ಲಿ ಮೇಷ್ಟ್ರು ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು. ಕರೆಂಟಿದ್ದಾಗ ನೋಡಿದರು.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಯುವುದು ಹೆಣ್ಣುಮಕ್ಕಳ ವಿಷಯಕ್ಕೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲ ವಾರ ಅವ್ವನ ಜತೆ ಹತ್ತಿ ಬಿಡಿಸಲು ಹೋದಳು. "ಸುಮ್ನ ಕುಂತಿರ್ತಾಳ, ಬರ್ಲಿ ಬಿಡು" ಅಂದರು. ಶಾಲೆ ತೆರೆದಾಗ ಅವಳ ಕೊರಳಲ್ಲಿ ತಾಳಿ ಇತ್ತು. ಮದುವೆಗೆ ಜನ ಸೇರುವಂತಿಲ್ಲ, ಖರ್ಚು ಕಡಿಮೆ ಎಂಬುದೇ ದೊಡ್ಡವರ ಲೆಕ್ಕ. ಓಣಿಯಲ್ಲಿ ಪಿಯುಸಿ, ಡಿಗ್ರಿ ಓದಿದ ಒಬ್ಬಳು ಇರುತ್ತಾಳಲ್ಲ, ಅವಳಿಗೆ ತಿಂಗಳಿಗೆ ಇಷ್ಟೆಂದು ಎಲ್ಲ ಮನೆಯಿಂದ ಕೂಡಿಸಿ ಕೊಟ್ಟು ಹತ್ತು ಮಕ್ಕಳಿಗೆ ದಿನಾ ಎರಡು ತಾಸು ಓದು ಬರಹ ಹೇಳಿಸಿ. ಮಕ್ಕಳ ಸಹಾಯವಾಣಿ 1098. ಚಪ್ಪರ ಏಳುವ ಮೊದಲು ಫೋನು ಮಾಡಿ.

9. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ

ಸಭೆಯ ಮಾತಿಗೆ ಮೊದಲು ಮನೆಯೊಳಗಿನ ಇನ್ನೊಂದು ಮಾತು: ಮನಸ್ಸು ಕುಗ್ಗಿದವರಿಗೆ 14416 ಇದೆ, ಟೆಲಿಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಒಮ್ಮೆಲೇ ನಿಂತು ಕೈಕಾಲು ನಡುಗಿ, ಭ್ರಮೆ ಹತ್ತಿದವರನ್ನು 2020ರ ಏಪ್ರಿಲ್‌ನಲ್ಲಿ ಕಂಡೆವು. ಅದು ಕಾಯಿಲೆ, ನಾಟಕವಲ್ಲ, ಆಸ್ಪತ್ರೆಗೇ ಒಯ್ಯಬೇಕು. ಇವು ಮನೆಯ ಮಟ್ಟದಲ್ಲಿ ಆಗುವ ಕೆಲಸ. ಆಗದ ಕೆಲಸಗಳಿಗೆ ಪಂಚಾಯಿತಿ ಇದೆ.

2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರ ಹೆಣಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಇಡೀ ದೇಶ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ಸರಿ. ಮತ್ತೆ ಹಾಗಾಗದಿರಲು ನಾವೇ ಮೊದಲೇ ಕೇಳಿಟ್ಟಿರಬೇಕು. ನಮ್ಮೂರಲ್ಲಿ ಸತ್ತವರನ್ನು ಮಣ್ಣು ಯಾರು ಮಾಡುತ್ತಾರೆ? ಕೈಗವಸು, ಪಿಪಿಇ ಎಲ್ಲಿಂದ? ರುದ್ರಭೂಮಿಗೆ ದಾರಿ ಇದೆಯಾ? ಬಂದವರು ಉಳಿಯುವ ಕಟ್ಟಡ ಯಾವುದು? ಸಭೆಯಲ್ಲಿ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಓದಿಸಿ, ಆಮೇಲೆ ಸಹಿ ಹಾಕಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಶಾಲೆಯ ಶೌಚಾಲಯದಿಂದ ಶುರು ಮಾಡಿ: ಬಂದವರು ಹದಿನಾಲ್ಕು ದಿನ ಉಳಿಯುವುದು ಆ ಶಾಲೆಯಲ್ಲೇ ಆದರೆ, ಶೌಚಾಲಯದ ನಲ್ಲಿಯಲ್ಲಿ ಇವತ್ತು ನೀರು ಬರುತ್ತದೆಯಾ?